ನಿವಿಗೆ ಹೋದ ಉಂಗುರ

ಹೋದ ಭಾನುವಾರ ಕಾಲೇಜಿನ ಗೆಳತಿ ನಿವೇದಿತಾ ಕೊಪ್ಪಳಕ್ಕೆ ಕರೆದಿದ್ದಳು. ಮುಂದಿನ ತಿಂಗಳು ಅವಳ ನಿಶ್ಚಯ, ಸೀರೆ ಆರಿಸಬೇಕಂತೆ. ಅವರದು ಬಟ್ಟೆ ಅಂಗಡಿ, ಅಂಗಡಿಯ ಮೇಲೆಯೇ ಮನೆ. ಅಂಗಡಿ ತುಂಬ ಸೀರೆ ಇರುವವರ ಮಗಳಿಗೆ ಸೀರೆ ಆರಿಸಲು ನಾನೇಕೆ ಬೇಕು ಎಂದು ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಆದರೂ ಹೋದೆ. ತೊಡೆಯ ಮೇಲೆ ಅವ್ವ ಕಟ್ಟಿಕೊಟ್ಟ ಟೊಮೆಟೊ ಚೀಲವಿತ್ತು. ಎಲೆ, ತೊಟ್ಟು ಸಮೇತ ಕಿತ್ತು ತುಂಬಿದ್ದಳು. ಟೊಮೆಟೊ ಹಣ್ಣಿಗೆ ಅಂಥ ವಾಸನೆ ಇರುವುದಿಲ್ಲ, ಗಿಡಕ್ಕೆ ಇರುತ್ತದೆ. ಹಸಿಯಾದ, ಸ್ವಲ್ಪ ಕಹಿಯಾದ, ಮೂಗಿನಲ್ಲಿ ಉಳಿದುಬಿಡುವ ವಾಸನೆ. ಚೀಲದ ಬಾಯಿ ಬಿಗಿದು ಕಟ್ಟಿದರೂ ಅದು ಬೇವೂರು ದಾಟುವಷ್ಟರಲ್ಲಿ ಹೊರಗೆ ಬಂದಿತ್ತು.

ನಿವಿಯ ಕೋಣೆಯ ಕನ್ನಡಿಯ ಮುಂದೆ ಹೊಸ ಬಳೆಗಳ ಡಬ್ಬಿ, ಓಲೆಗಳು, ಇನ್ನೂ ಹತ್ತಿಯಲ್ಲೇ ಇದ್ದ ಒಂದು ಸರ. ಅವುಗಳ ನಡುವೆ, ಕನ್ನಡಿಯ ಮೊಳೆಗೆ ದಾರ ಕಟ್ಟಿ, ಒಂದು ಸಣ್ಣ ಹಿತ್ತಾಳೆ ಉಂಗುರ ತೂಗುಹಾಕಿದ್ದಳು. ಹರಳು ಇರಬೇಕಾದ ಜಾಗದಲ್ಲಿ ಮೆಂತೆ ಕಾಳು ಹಿಡಿಯುವಷ್ಟು ಪುಟ್ಟ ಬಟ್ಟಲು.

"ಇದನ್ನ ಇನ್ನೂ ಇಟ್ಕೊಂಡೀಯೇನ?" ಎಂದೆ.

"ಅಯ್ಯ, ಅವ್ವ ಕೊಟ್ಟಿದ್ದಲ್ಲೇನ ಅದು? ಬಿಡ್ತೀನೇನ?"

ಅವ್ವ ಎಂದರೆ ನನ್ನ ಅವ್ವ.

ಒಂದು ಕ್ಷಣ ಎದೆಯಲ್ಲಿ ಏನೋ ಚುಚ್ಚಿತು. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಚುಚ್ಚಿದ್ದೂ ಅದೇ ಜಾಗದಲ್ಲಿ.

ಆಗ ನಾವಿಬ್ಬರೂ ಕೊಪ್ಪಳದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆವು. ಆ ಸೆಮಿಸ್ಟರಿನಲ್ಲಿ ಎರಡು ಕ್ರೆಡಿಟ್ ತರಗತಿಯ ಹೊರಗೆ ಗಳಿಸಬೇಕು ಎಂದು ಬಾಟನಿ ಮೇಡಂ ಹೇಳಿದರು. ಎಲ್ಲಾದರೂ ಕೆಲಸ ನಡೆಯುವ ಜಾಗಕ್ಕೆ ಹೋಗಬೇಕು, ಕಲಿಯಬೇಕು, ಕಲಿಸಿದವರ ಸಹಿ ತರಬೇಕು. "ವರದಿ ಎಷ್ಟು ಛಲೋ ಬರೀತೀರಿ ಅಂತ ನಾ ನೋಡಂಗಿಲ್ಲ" ಎಂದರು ಮೇಡಂ. "ನಾನ ಅಲ್ಲಿಗೆ ಬರ್ತೀನಿ. ನನ್ನ ಮುಂದ ಕೈಯಿಂದ ಮಾಡಿ ತೋರಿಸಬೇಕು. ಮಾಡಾಕ ಬಂದ್ರ ಎರಡು ಕ್ರೆಡಿಟ್, ಇಲ್ಲಂದ್ರ ಮುಂದಿನ ವರ್ಷ ಮತ್ತ ಬರ್ರಿ."

ನನಗೆ ಗಂಗಾವತಿಯ ಅಕ್ಕಿ ಗಿರಣಿ ಬೇಕಾಗಿತ್ತು. ಅಲ್ಲಿ ಮಾದರಿ ಪರೀಕ್ಷಿಸುವ ಕೋಣೆಯೊಂದಿದೆ. ಒಂದು ಹಿಡಿ ಅಕ್ಕಿ ತಟ್ಟೆಯಲ್ಲಿ ಹರಡಿ, ಇಡಿಯದೆಷ್ಟು, ನುಚ್ಚೆಷ್ಟು ಎಂದು ಎಣಿಸಿ ಬರೆಯಬೇಕು. ಎಣಿಸುವುದು, ಬರೆಯುವುದು, ಅದೂ ಫ್ಯಾನಿನ ಕೆಳಗೆ ಕುಳಿತು: ನನಗಾಗಿಯೇ ಮಾಡಿದ ಕೆಲಸ. ಪಿಯುಸಿಯಿಂದ ದಿನಚರಿ ಬರೆಯುತ್ತಿರುವವಳು ನಾನು. ತಾರೀಖು, ಹವೆ, ಬಸ್ ಎಷ್ಟು ತಡ, ಮೆಸ್ಸಿನಲ್ಲಿ ಯಾವ ಪಲ್ಯ, ಎಲ್ಲಕ್ಕೂ ನನ್ನಲ್ಲಿ ಕಾಲಂ ಇದೆ. ಆದರೆ ಗಿರಣಿಗೆ ಬಹಳ ಹೆಸರು ಬಂದವು, ಚೀಟಿ ಎತ್ತಿದರು, ನನ್ನದು ಬರಲಿಲ್ಲ.

ಉಳಿದದ್ದು ನಮ್ಮೂರಿನ ನೆಟ್. ಕುಷ್ಟಗಿ ಕಡೆಯ ಊರುಗಳಲ್ಲಿ ಈಗ ಹೊಲದ ನಡುವೆ ಬಿಳಿ ಪರದೆಯ ಮನೆಗಳು ಎದ್ದಿವೆ. ಒಳಗೆ ಬೀಜದ ಕಂಪನಿಗಳಿಗಾಗಿ ಟೊಮೆಟೊ, ಮೆಣಸಿನಕಾಯಿ ಕ್ರಾಸಿಂಗ್ ಮಾಡುತ್ತಾರೆ. ನಮ್ಮೂರ ಗೌಡರ ನೆಟ್‌ನಲ್ಲಿ ಹೆಂಗಸರ ಗುಂಪಿಗೆ ಮುಂದಾಳು ನನ್ನ ಅವ್ವ, ಗಂಗವ್ವ. ಅಪ್ಪ ಗಿಣಿಗೇರಾದ ಕಾರ್ಖಾನೆಯಲ್ಲಿ, ವಾರಕ್ಕೊಮ್ಮೆ ಬರುತ್ತಾನೆ. ಅವ್ವ ಅಷ್ಟು ವರ್ಷ ಆ ಕೆಲಸ ಮಾಡಿದರೂ ನಾನು ನೆಟ್‌ನೊಳಗೆ ಕಾಲಿಟ್ಟದ್ದು ಬಹಳ ಕಡಿಮೆ. ಊಟದ ಬುತ್ತಿ ಒಯ್ದರೂ ಬಾಗಿಲಲ್ಲೇ ಇಸಿದುಕೊಂಡು ಕಳಿಸುತ್ತಿದ್ದಳು.

ನಾನು ಊರಿಗೆ ಹೊರಟೆನೆಂದು ಗೊತ್ತಾದ ದಿನವೇ ನಿವಿ ಬೆನ್ನು ಹತ್ತಿದಳು. "ನಾನೂ ಬರ್ತೀನಿ ಲೇ, ನಿಮ್ಮನ್ಯಾಗ ಇರ್ತೀನಿ. ಅಂಗಡಿ ಬಿಟ್ರ ಬ್ಯಾರೆ ಏನೂ ನೋಡಿಲ್ಲ ನಾ." ನಾನು ಹೂಂ ಅಂದೆ. ಪಟ್ಟಣದ ಹುಡುಗಿ, ಎರಡು ದಿನದಲ್ಲಿ ಓಡಿಹೋಗುತ್ತಾಳೆ ಎಂದುಕೊಂಡಿದ್ದೆ.

ದೀಪಾವಳಿ ಮುಗಿದು ಚಳಿ ಶುರುವಾಗಿತ್ತು. ಮೊದಲ ಬೆಳಿಗ್ಗೆ ನೆಟ್‌ನ ಒಳಗೆ ಬೆಳಕು ಹಾಲಿನ ಹಾಗಿತ್ತು. ಹಗ್ಗಕ್ಕೆ ಎತ್ತಿ ಕಟ್ಟಿದ ಗಿಡಗಳ ಸಾಲು, ಸಾಲಿನ ನಡುವೆ ಸೀರೆಯ ಮೇಲೆ ಗಂಡಂದಿರ ಹಳೆಯ ತುಂಬುತೋಳಿನ ಅಂಗಿ ತೊಟ್ಟ ಹೆಂಗಸರು. ನಮ್ಮನ್ನು ನೋಡಿದ್ದೇ ಹುಲಿಗೆವ್ವ ದನಿ ಎತ್ತಿದಳು. ಅವ್ವನ ಜೊತೆ ಮೊದಲಿನಿಂದ ಕೆಲಸ ಮಾಡುವವಳು, ಯಾರನ್ನೂ ಬಿಡುವುದಿಲ್ಲ.

"ಏ ಬರ್ರೇ ನೋಡ್ರಿ! ಗಂಗವ್ವನ ಮಗಳು ಸಾಲಿ ಕಲ್ತು ಕಲ್ತು ಕಡೀಕ ನೆಟ್‌ಗೇ ಬಂತು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವ್ವ ಮಾತ್ರ ನಗಲಿಲ್ಲ. ನನ್ನನ್ನು ನೋಡದೆ, "ಶಿವಲೀಲಾ, ನೀ ಅಲ್ಲಿ ಬಾಗಲದಾಗ ಕುಂದ್ರು. ಹಾಜರಿ ಬರಿ. ಯಾವ ಸಾಲು ಮುಗೀತು ಅನ್ನೋದು ಬರಿ. ನಿನಗ ಅದು ಬರ್ತೈತಿ" ಎಂದಳು. ಆಮೇಲೆ ನಿವಿಯ ಕಡೆ ತಿರುಗಿ, "ನೀ ಬಾ ತಂಗಿ" ಎಂದು ಒಳಗೆ ಕರೆದುಕೊಂಡು ಹೋದಳು.

ಅಲ್ಲಿಂದ ಶುರು.

ಕ್ರಾಸಿಂಗ್ ಕೆಲಸ ಎರಡು ಹೊತ್ತಿನದು. ಮಧ್ಯಾಹ್ನ, ಮರುದಿನ ಅರಳಲಿರುವ ಮೊಗ್ಗನ್ನು ಹುಡುಕಿ, ಚಿಮಟದಿಂದ ಅದರೊಳಗಿನ ಹಳದಿ ಗಂಡುಭಾಗವನ್ನು ತೆಗೆದುಹಾಕಬೇಕು. ಮಾರನೇ ಬೆಳಿಗ್ಗೆ ಬೇರೆ ತಳಿಯ ಗಂಡುಗಿಡದ ಹೂವಿನಿಂದ ತೆಗೆದ ಪುಡಿಯನ್ನು ಉಂಗುರದ ಬಟ್ಟಲಿಗೆ ತುಂಬಿಕೊಂಡು, ಹೂವಿನ ನಡುವಿನ ಎಳೆಯನ್ನು ಅದರಲ್ಲಿ ಅದ್ದಬೇಕು. ಅದ್ದಿದ ಮೇಲೆ ಹೂವಿನ ಬುಡದ ಹಸಿರು ಎಸಳುಗಳಲ್ಲಿ ಎರಡನ್ನು ಉಗುರಿನಿಂದ ಚಿವುಟಬೇಕು. ನಮ್ಮ ನೆಟ್‌ನಲ್ಲಿ ಅದಕ್ಕೆ ಕಿವಿ ಅನ್ನುತ್ತಾರೆ. ಕುರಿಯ ಕಿವಿಗೆ ಗುರುತು ಹಾಕಿದ ಹಾಗೆ, ಕಿವಿ ಚಿವುಟಿದ ಹೂವು ಎಂದರೆ ಕೆಲಸ ಮುಗಿದ ಹೂವು. ಹಣ್ಣಾದಾಗ ಕಿವಿ ನೋಡಿಯೇ ಕೀಳುತ್ತಾರೆ. ಕಿವಿ ಇದ್ದದ್ದು ಸಂತೆಗೆ, ಕಿವಿ ಇಲ್ಲದ್ದು ಬೀಜಕ್ಕೆ.

ಇದನ್ನೆಲ್ಲ ನಾನು ಕುರ್ಚಿಯ ಮೇಲೆ ಕುಳಿತೇ ತಿಳಿದುಕೊಂಡೆ. ನಿವಿ ಬೆರಳಿನಿಂದ ತಿಳಿದುಕೊಂಡಳು. ಅವ್ವ ಅವಳ ಹಿಂದೆ ನಿಂತು, ಅವಳ ಭುಜದ ಮೇಲಿಂದ ಕೈ ಚಾಚಿ, ಅವಳ ಬೆರಳನ್ನು ತನ್ನ ಬೆರಳಿನಿಂದ ಹಿಡಿದು ಹೇಳಿಕೊಡುತ್ತಿದ್ದಳು. "ಹಿಂಗ. ಜೋರ ಮಾಡಬ್ಯಾಡ. ಹೂವಿಗೆ ಗೊತ್ತಾಗಬಾರದು." ನನಗೆ ಅಕ್ಷರ ಕಲಿಸುವಾಗಲೂ ಅವ್ವ ಹೀಗೆ ಕೈ ಹಿಡಿದದ್ದಿಲ್ಲ. ಹೊತ್ತು ಮೂಡುವ ಮೊದಲೇ ನೆಟ್‌ಗೆ ಹೋಗಿರುತ್ತಿದ್ದಳು. ಅಕ್ಷರ ಕಲಿಸಿದ್ದು ಅಂಗನವಾಡಿ ಟೀಚರ್.

ನಿವಿ ಓಡಿಹೋಗಲಿಲ್ಲ. ಅವಳ ಕೈ ಚುರುಕಾಗಿತ್ತು. ಅಂಗಡಿಯಲ್ಲಿ ಸೀರೆ ಬಿಚ್ಚಿ, ಮಡಚಿ, ಬಿಚ್ಚಿ ಬೆಳೆದ ಬೆರಳುಗಳು. ಎರಡನೇ ವಾರಕ್ಕೆ ಹುಲಿಗೆವ್ವನ ಜೊತೆ ಸಾಲು ಹಂಚಿಕೊಂಡು ಮಾಡುತ್ತಿದ್ದಳು. "ಗಂಗವ್ವ, ಈ ಹುಡುಗೀನ ಕೊಪ್ಪಳಕ್ಕ ವಾಪಸ್ ಕಳಸಬ್ಯಾಡ ನೋಡು. ಇಲ್ಲೇ ಒಂದು ಗಂಡು ನೋಡಿ ಕಟ್ಟಿಬಿಡೂಣು" ಎಂದು ಹುಲಿಗೆವ್ವ ಅಂದರೆ, "ಗಂಡಿಗೂ ನೆಟ್‌ನಾಗ ಕೆಲಸ ಕೊಡಸ್ತೀಯೇನಬೇ ಚಿಗವ್ವ?" ಎಂದು ನಿವಿ ತಿರುಗಿಸಿ ಕೇಳುತ್ತಿದ್ದಳು. ಚಿಗವ್ವ! ಹುಲಿಗೆವ್ವನನ್ನು ನಾನು ಇಪ್ಪತ್ತು ವರ್ಷದಿಂದ ಬಲ್ಲೆ, ಒಮ್ಮೆಯೂ ಚಿಗವ್ವ ಅಂದಿರಲಿಲ್ಲ.

ಅವ್ವನಿಗೆ ಮೊದಲು ಆಂಟಿ ಅನ್ನುತ್ತಿದ್ದಳು. ಎಂಟು ದಿನಕ್ಕೆ ಅವ್ವಾರ ಆಯಿತು. ಆಮೇಲೆ ಬರೀ ಅವ್ವ. ಆ ದಿನವನ್ನು ನನ್ನ ದಿನಚರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಆ ಚಳಿಗಾಲದ ಪುಟಗಳಲ್ಲಿ ಒಂದು ಹೊಸ ಕಾಲಂ ಇದೆ. ಅವ್ವ ಯಾರ ಹೆಸರು ಎಷ್ಟು ಸಲ ಕರೆದಳು ಎಂಬುದು. ಬಾಗಿಲಲ್ಲಿ ಕುಳಿತವಳಿಗೆ ಇನ್ನೇನು ಕೆಲಸ? ಒಂದು ಶುಕ್ರವಾರದ ಲೆಕ್ಕ: ನಿವಿ ಹದಿನೇಳು, ನಾನು ನಾಲ್ಕು. ಆ ನಾಲ್ಕರಲ್ಲಿ ಮೂರು ನೀರು ತಾ ಅನ್ನಲಿಕ್ಕೆ.

ಅದಕ್ಕಿಂತ ಕಷ್ಟ ಸಂಜೆಯದು. ಟೊಮೆಟೊ ಗಿಡ ಮುಟ್ಟಿದರೆ ಬೆರಳು ಮೊದಲು ಹಸಿರಾಗಿ ಆಮೇಲೆ ಕಪ್ಪಾಗುತ್ತವೆ, ಸಾಬೂನಿಗೆ ಹೋಗುವುದಿಲ್ಲ. ಅವ್ವ ನಿಂಬೆಹಣ್ಣು ಹಿಂಡಿ, ಕೊಬ್ಬರಿ ಎಣ್ಣೆ ಹಚ್ಚಿ, ನಿವಿಯ ಒಂದೊಂದೇ ಬೆರಳನ್ನು ತಿಕ್ಕುತ್ತಿದ್ದಳು. ಒಲೆಯ ಮುಂದೆ ಇಬ್ಬರೂ ಎದುರುಬದುರು ಕುಳಿತು, ಯಾವ ಗಿಡ ಇವತ್ತು ಸಿಟ್ಟಾಗಿತ್ತು, ಯಾವುದು ಮಾತು ಕೇಳಿತು ಎಂದು ಮಾತಾಡುತ್ತಿದ್ದರು. ನಾನು ಹಿಂದೆ ಕುಳಿತು ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಹಚ್ಚುತ್ತಿದ್ದೆ. ನನ್ನ ಕೈಗಳು ಸ್ವಚ್ಛವಾಗಿದ್ದವು. ಸ್ವಚ್ಛ ಕೈಗಳನ್ನು ಯಾರು ತಿಕ್ಕುತ್ತಾರೆ?

ಒಂದು ಸಂಜೆ ಕೇಳಿಯೇಬಿಟ್ಟೆ. "ಅವ್ವಾ, ನನಗೂ ಕಲಸು. ಮೇಡಂ ಬಂದ್ರ ನಾ ಏನ್ ತೋರಸಲಿ? ಹಾಜರಿ ಪುಸ್ತಕಾನ?"

"ಆಕಿ ಮಾಡೋದನ್ನ ನೀ ನೋಡೀಯಲ್ಲ. ಬಾಯಿಂದ ಹೇಳು."

"ಬಾಯಿಂದ ಹೇಳಿದ್ರ ಕ್ರೆಡಿಟ್ ಕೊಡಂಗಿಲ್ಲ."

"ನಾ ಮೇಡಂಗೆ ಹೇಳ್ತೀನಿ ತಗೋ" ಎಂದು ಅವ್ವ ಎದ್ದು ಹೋದಳು. ನಿವಿ ನನ್ನನ್ನು ನೋಡಿ, "ನಾ ಕಲಸ್ತೀನಿ ಬಾರಲೇ" ಎಂದಳು. ಅದು ಎಲ್ಲಕ್ಕಿಂತ ಹೆಚ್ಚು ಉರಿಯಿತು. ನನ್ನ ಅವ್ವನ ಕೆಲಸವನ್ನು ನಾನು ಕೊಪ್ಪಳದ ಬಟ್ಟೆ ಅಂಗಡಿಯವರಿಂದ ಕಲಿಯಬೇಕೇ?

ಮೇಡಂ ಬರುವ ದಿನ ಗೊತ್ತಾಯಿತು. ಅದಕ್ಕೆ ಮೂರು ವಾರ ಇರುವಾಗ, ಒಂದು ಶನಿವಾರ ಮಧ್ಯಾಹ್ನ, ಹೆಂಗಸರೆಲ್ಲ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ನಾನು ಒಬ್ಬಳೇ ಒಳಗೆ ಹೋದೆ. ಕೊನೆಯ ಸಾಲು ಹಿಡಿದೆ. ನಾನು ಯಾವ ಕೆಲಸವನ್ನೂ ಪದ್ಧತಿ ಬಿಟ್ಟು ಮಾಡುವವಳಲ್ಲ. ನೋಟ್‌ಬುಕ್ ತಂದರೆ ಮೊದಲು ಎಲ್ಲ ಪುಟಕ್ಕೂ ಸಂಖ್ಯೆ ಹಾಕಿ, ಗೆರೆ ಎಳೆದು, ಆಮೇಲೆ ಬರೆಯುತ್ತೇನೆ. ಹಾಗೆಯೇ ಮೊದಲು ಸಾಲಿನ ಮೊಗ್ಗುಗಳಿಗೆಲ್ಲ ಕಿವಿ ಚಿವುಟಿ ಗುರುತು ಮಾಡಿಕೊಂಡೆ. ಆಮೇಲೆ ಒಂದು ಕಡೆಯಿಂದ ಗಂಡುಭಾಗ ತೆಗೆಯುತ್ತ ಬಂದು, ಭಾನುವಾರ ಬೆಳಿಗ್ಗೆ ಪುಡಿ ಮುಟ್ಟಿಸಿಬಿಡುವುದು ಎಂದು ಯೋಚನೆ. ನಾಲ್ಕೋ ಐದೋ ಮೊಗ್ಗು ತೆಗೆದಿರಬೇಕು, ಹುಲಿಗೆವ್ವನ ನಗು ಬಾಗಿಲ ಹತ್ತಿರ ಕೇಳಿಸಿತು. ಓಡಿ ಬಂದು ಕುರ್ಚಿಯ ಮೇಲೆ ಕುಳಿತೆ. ಮಾರನೇ ದಿನ ಅಪ್ಪ ಊರಿಗೆ ಬಂದ, ಮನೆ ಬಿಟ್ಟು ಹೊರಡಲಾಗಲಿಲ್ಲ. ಸೋಮವಾರ ಕಾಲೇಜಿಗೆ ಹೋಗಿ ಹಾಜರಿ ಹಾಕಿ ಬರಬೇಕಿತ್ತು. ಆ ಮೊಗ್ಗುಗಳು ತಮ್ಮ ಪಾಡಿಗೆ ಅರಳಿದವು. ಕಿವಿ ನೋಡಿದ ಹೆಂಗಸರು ಮುಗಿದ ಹೂವೆಂದು ಮುಂದೆ ಹೋದರು. ತಮ್ಮದೇ ಪುಡಿಯಿಂದ ಅವು ಕಾಯಿ ಕಟ್ಟಿದವು.

ಅದರ ಅರ್ಥ ಏನೆಂದು ನನಗೆ ಹನ್ನೊಂದು ದಿನದ ಮೇಲೆ, ಬುಧವಾರ ಸಂಜೆ ತಿಳಿಯಿತು. ನಿವಿ ಬಚ್ಚಲಿಗೆ ಹೋಗಿದ್ದಳು. ಅವ್ವ ನೆಟ್‌ನಿಂದ ಬಂದವಳು ಕೈಕಾಲು ತೊಳೆಯದೆ ನನ್ನ ಮುಂದೆ ಕುಳಿತು, ಸೀರೆಯ ಉಡಿಯಿಂದ ಒಂದು ಬೊಗಸೆ ಹಸಿರು ಕಾಯಿಗಳನ್ನು ತಟ್ಟೆಗೆ ಸುರಿದಳು. ಬಟಾಣಿಗಿಂತ ಚಿಕ್ಕವು.

"ಇವು ಬೀಜದಾಗ ಕೂಡಿದ್ರ ಏನಕ್ಕಿತ್ತು ಗೊತ್ತೈತೇನ? ಕಂಪನಿಯವರು ಬೀಜ ಬಿತ್ತಿ ನೋಡ್ತಾರ. ಬ್ಯಾರೆ ಗಿಡ ಬಂದ್ರ ಮಾಲು ವಾಪಸ್. ಹುಲಿಗೆವ್ವಂದು, ಎಲ್ಲಾರದು, ಇಡೀ ಹಂಗಾಮಿನ ದುಡಿಮಿ ಹೊಳ್ಯಾಗ."

"ನಾನ ಅಂತ ಹೆಂಗ ಗೊತ್ತಾತು?"

ಅವ್ವ ಒಂದು ಕಾಯಿ ಎತ್ತಿ ದೀಪದ ಕಡೆ ಹಿಡಿದಳು. "ನಮ್ಮ ಹೆಂಗಸರು ಕೈಗೆ ಸಿಕ್ಕ ಎರಡು ಕಿವಿ ಚಿವುಟ್ತಾರ. ಇದು ನೋಡು. ಎದುರಾ ಬದುರಾ, ಬುಡಕ್ಕ ಸಮಾ, ಪಟ್ಟಿ ಇಟ್ಟು ಗೆರಿ ಹೊಡದಂಗ. ಇಡೀ ನೆಟ್‌ನಾಗ ಹಿಂಗ ಚಿವುಟಾಕಿ ಯಾರದಾರ?" ಆಮೇಲೆ ನಗು ತಡೆಯಲಾಗದೆ, "ನಿನ್ನ ಅಕ್ಷರ ಇದ್ದಂಗ ಐತಿ" ಎಂದಳು. "ಛಲೋ ಆತು ತಗೋ, ಗುರುತು ಸಿಕ್ತು. ಒಂದ ಬಿಡದ ಕಿತ್ತೀನಿ. ಗೌಡಗೂ ಹೇಳೀನಿ."

ಅವಳು ನಕ್ಕದ್ದಕ್ಕೆ ನನಗೆ ಅಳು ಬಂತು. "ನೀ ಕಲಿಸಿದ್ರ ಹಿಂಗ ಆಗತಿತ್ತೇನ? ಆಕೀಗೆ ಕಲಸ್ತಿ. ಆಕಿ ಬೆರಳು ಹಿಡೀತಿ, ಆಕಿ ಕೈ ತಿಕ್ಕತಿ. ನಾ ಯಾರು? ನೀರು ತರಾಕಿ!"

ಅವ್ವ ತಟ್ಟೆಯ ಕಾಯಿಗಳನ್ನು ಬೆರಳಿನಿಂದ ಒಂದು ಕಡೆ ಸರಿಸಿದಳು.

"ಆಕಿ ಕಲ್ತು ಹೊಕ್ಕಾಳ" ಎಂದಳು. "ನೀ ಕಲ್ತರ ಉಳೀತಿ."

"ನಾ ಯಾಕ ಉಳೀಲಿ?"

"ಉಳಿಯಾಕಿ ಯಾಕ ಅಂತ ಕೇಳಂಗಿಲ್ಲ. ಕೈ ಛಲೋ ಐತಿ ಅಂತ ಗೊತ್ತಾದ್ರ ಸಾಕು, ಮಂದಿನ ಉಳಸ್ತಾರ."

ನನಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. "ನನಗ ಕ್ರೆಡಿಟ್ ಬೇಕು" ಎಂದೆ. ಕ್ರೆಡಿಟ್ ಅಲ್ಲ ನನಗೆ ಬೇಕಾದದ್ದು ಎಂದು ಅವ್ವನಿಗೂ ಗೊತ್ತಿತ್ತು ಅನ್ನಿಸುತ್ತದೆ.

ಮಾರನೇ ದಿನ ಅವ್ವ ಕುರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟಳು. "ಬಾ."

ನನ್ನ ಹಿಂದೆ ನಿಂತಳು. ಭುಜದ ಮೇಲಿಂದ ಅವಳ ಕೈ ಬಂತು, ಅಂಗಿಯ ತೋಳಿನಲ್ಲಿ ಅಪ್ಪನ ಬೀಡಿಯ ವಾಸನೆಯೂ ಟೊಮೆಟೊ ಎಲೆಯ ವಾಸನೆಯೂ ಕೂಡಿದ್ದವು. ಬೆರಳು ಹಿಡಿದಳು. ಬೇಕಾದದ್ದು ಸಿಕ್ಕಿತು. ಆದರೆ ಮೊಗ್ಗು ಮುರಿಯಿತು. ಇನ್ನೊಂದು ಹಿಡಿದೆ, ಅದರ ನಡುವಿನ ಎಳೆಯೇ ಕಿತ್ತುಬಂತು. ಪಕ್ಕದ ಸಾಲಿನಲ್ಲಿ ನಿವಿ ಹುಲಿಗೆವ್ವನ ಮಾತಿಗೆ ನಗುತ್ತ, ಹೂವನ್ನು ನೋಡದೆಯೇ ಮಾಡುತ್ತ ಮುಂದೆ ಹೋಗುತ್ತಿದ್ದಳು. ಸಂಜೆಯವರೆಗೆ ನಾನು ಮಾಡಿದ್ದು ಅರ್ಧ ಸಾಲೂ ಇಲ್ಲ. ಅದರಲ್ಲಿ ಅವ್ವ ಒಪ್ಪಿದ್ದು ಒಂದು ಹಿಡಿ.

ಮೂರು ದಿನ ಕಳೆದರೂ ಅಷ್ಟೇ. ನಾಲ್ಕನೇ ದಿನ ಅವ್ವ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಮ್ಮ ಶಿವಲೀಲಾನ ಕೈ ಈ ಕೆಲಸಕ್ಕ ಬರಂಗಿಲ್ಲ ನೋಡ್ರವಾ! ಭಾಳ ಸಾವಕಾಶ!"

ಮಗಳಿಗೆ ಸರ್ಕಾರಿ ನೌಕರಿ ಸಿಕ್ಕಿತು ಎಂದು ಹೇಳುವವರ ದನಿ ಅದು. ಮುಖ ಅರಳಿತ್ತು. ಹುಲಿಗೆವ್ವ, "ಅಯ್ಯ, ಅದಕ್ಕ್ಯಾಕ ಅಷ್ಟು ಖುಷಿಬೇ ಗಂಗವ್ವ? ಸಕ್ರಿ ಹಂಚೋಣೇನ?" ಎಂದಳು. "ಹಂಚೂಣು ಬಿಡು" ಎಂದಳು ಅವ್ವ. ನಾನು ತಲೆ ತಗ್ಗಿಸಿ ಹೂವು ಹುಡುಕುತ್ತಿದ್ದೆ. ಆ ದಿನದ ಪುಟದಲ್ಲಿ ಹವೆಯನ್ನೂ ಬರೆದಿಲ್ಲ.

ಆದರೆ ಆ ಸಂಜೆ ಅವ್ವ ನನ್ನ ಕೈ ತಿಕ್ಕಿದಳು. ನಿಂಬೆಹಣ್ಣು ಉರಿಯಿತು. ನಾನು ಕೈ ಎಳೆದುಕೊಳ್ಳಲಿಲ್ಲ.

ಮೇಡಂ ಬಂದ ಬೆಳಿಗ್ಗೆ ಚಳಿ ಗಟ್ಟಿಯಾಗಿತ್ತು, ಹೂವು ತಡವಾಗಿ ಬಾಯಿ ಬಿಟ್ಟವು. ನಿವಿ ಮೊದಲು ಮಾಡಿದಳು. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ನಾಲ್ಕಾರು ಹೂವು ಮುಗಿದವು. "ಶಬಾಷ್!" ಎಂದರು. ಆಮೇಲೆ ನಾನು. ಪುಡಿ ತುಂಬಿದ ಪ್ಲಾಸ್ಟಿಕ್ ಉಂಗುರ ನನ್ನ ಬೆರಳಿನಲ್ಲಿ ತಿರುಗುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಒಂದು ಹೂವಿಗೆ ಮುಟ್ಟಿಸಿದೆ. ಕಿವಿ ಚಿವುಟಿದೆ, ಎದುರುಬದುರು, ಬುಡಕ್ಕೆ ಸಮ. ಇನ್ನೊಂದಕ್ಕೆ ಹೋಗುವ ಮೊದಲು ಮೇಡಂ, "ಸಾಕು ಶಿವಲೀಲಾ. ನಿಧಾನ ಅದೀ, ಆದ್ರ ಬರ್ತೈತಿ" ಎಂದರು. ಇಬ್ಬರಿಗೂ ಎರಡು ಕ್ರೆಡಿಟ್. ಅಂಕಪಟ್ಟಿಯಲ್ಲಿ ನಮ್ಮಿಬ್ಬರ ಎರಡೂ ಒಂದೇ ರೀತಿ ಕಾಣುತ್ತವೆ. ಶಬಾಷ್ ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ.

ನಿವಿ ಹೊರಡುವ ದಿನ ಅವ್ವ ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತೆಗೆದಳು. ಅದರಲ್ಲಿ ಆ ಹಿತ್ತಾಳೆ ಉಂಗುರ. ಈಗ ಕಂಪನಿ ಪ್ಲಾಸ್ಟಿಕ್ಕಿನವು ಕೊಡುತ್ತದೆ. ಇದು ಹಳೆಯದು, ಕುಷ್ಟಗಿಯ ಕಂಚಗಾರನಿಂದ ಮಾಡಿಸಿದ್ದು, ಅವ್ವ ಬಹಳ ಹಂಗಾಮು ಹಾಕಿಕೊಂಡದ್ದು. ನನ್ನ ಕಣ್ಣೆದುರೇ ಅದನ್ನು ನಿವಿಯ ಬೆರಳಿಗೆ ಹಾಕಿದಳು. ಕಿರುಬೆರಳಿಗೆ ಮಾತ್ರ ಹಿಡಿಯಿತು. ನಿವಿ ಅವ್ವನ ಕಾಲು ಮುಟ್ಟಿ ನಮಸ್ಕರಿಸಿದಳು, ಅತ್ತಳು. ಬಸ್ ಬಂತು. ನಾನು ಅವಳ ಚೀಲವನ್ನು ಮೇಲಿಟ್ಟು ಕೆಳಗಿಳಿದೆ. ಕೈ ಬೀಸಲಿಲ್ಲ.

ಇದೆಲ್ಲ ಹೋದ ಭಾನುವಾರ ಆ ಕನ್ನಡಿಯ ಮುಂದೆ ನಿಂತಾಗ ಒಟ್ಟಿಗೆ ನುಗ್ಗಿ ಬಂತು. ಸೀರೆ ಆರಿಸಿ, ಊಟ ಮಾಡಿ, ಸಂಜೆಯ ಬಸ್ಸಿಗೆ ಊರಿಗೆ ಬಂದೆ. ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಹೆಂಗದಾಳ ನಿವಿ?"

"ಛಲೋ ಅದಾಳ. ಉಂಗುರ ಕನ್ನಡಿಗೆ ಕಟ್ಯಾಳ."

"ಯಾವ ಉಂಗುರ?"

"ನಿಂದು. ಹಿತ್ತಾಳಿದು. ನನಗ ಕೊಡದ ಆಕೀಗೆ ಕೊಟ್ಟಿಯಲ್ಲ, ಅದು."

ಮೊರದ ಕೈ ನಿಂತಿತು. ಎರಡು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದ್ದೆನೆಂದು ಅವ್ವನಿಗೆ ಆಗಷ್ಟೇ ತಿಳಿದಿರಬೇಕು.

"ಅದು ನಿನ್ನ ಬೆರಳಿಗೆ ಹಿಡೀತಿದ್ದಿಲ್ಲ" ಎಂದಳು. "ಸಣ್ಣದದು. ನಾ ಸಾಲ್ಯಾಗ ಏಳನೇತ್ತ ಇದ್ದಾಗ ಮಾಡಿಸಿದ್ದು. ದೊಡ್ಡೋರ ಉಂಗುರ ನನ್ನ ಬೆರಳಾಗ ನಿಂದ್ರತಿದ್ದಿಲ್ಲ. ನನ್ನ ಕೈ ಭಾಳ ಚುರುಕು ಅಂತ ನಿಮ್ಮ ಮುತ್ಯಾಗ, ನಮ್ಮಪ್ಪಗ, ಮಂದಿ ಹೇಳಿದ್ರು. ಈ ಒಂದು ಹಂಗಾಮು ಮುಗೀಲಿ, ಆಮ್ಯಾಲ ಸಾಲಿಗೆ ಹೋಗೀಯಂತ ಅಂದ. ನಮ್ಮ ಮಾಸ್ತರು ಎರಡು ಸಲ ಮನಿಗೆ ಬಂದು ಕೇಳಿದ್ರು. ಹಂಗಾಮು ಮುಗೀತು. ಮತ್ತೊಂದು ಹಂಗಾಮು ಬಂತು."

ಮತ್ತೆ ಮೊರ ಎತ್ತಿ ಒಂದು ಸಲ ಕೇರಿದಳು. ಹೊಟ್ಟು ನನ್ನ ಕಡೆ ಹಾರಿ ಬಂತು.

"ಅದನ್ನ ಈ ಮನಿಯಾಗ ಇಡಬಾರದು ಅಂತ ಭಾಳ ದಿನದಿಂದ ಇತ್ತು. ಒಗ್ಯಾಕ ಮನಸ ಬರತಿದ್ದಿಲ್ಲ. ನಿವಿ ಬಂದ್ಲು. ಆಕಿ ಅದನ್ನ ಹಾಕ್ಕೊಂಡು ಬಸ್ ಹತ್ತಿ ಹೋದ್ಲು. ನಾ ಹಾಕ್ಕೊಂಡು ಎಲ್ಲಿಗೂ ಹೋಗಿದ್ದಿಲ್ಲ."

ನಾನು ಅವಳ ಪಕ್ಕದಲ್ಲಿ ಕುಳಿತು ಜೋಳದಲ್ಲಿನ ಕಲ್ಲು ಆರಿಸತೊಡಗಿದೆ. ಬೆರಳಲ್ಲಿ ಇನ್ನೂ ಟೊಮೆಟೊ ಚೀಲದ ವಾಸನೆ ಇತ್ತು. ನನ್ನ ಕೈ ನಿಧಾನವೆಂದು ಅವ್ವ ನೆಟ್‌ನ ನಡುವೆ ನಿಂತು ಸಾರಿದ ದನಿ ಈಗ ಬೇರೆಯಾಗಿ ಕೇಳಿಸುತ್ತಿತ್ತು.

"ತಿಳೀತೇನ?" ಎಂದಳು ಅವ್ವ.

"ಹೂಂ, ತಿಳೀತು" ಎಂದೆ.

ತಿಳಿದದ್ದು ನಿಜ. ಆದರೂ ಆ ಉಂಗುರ ನನಗೆ ಬೇಕಾಗಿತ್ತು.